ಗುನ್‌ವೋರ್ ಅವರ ಬಲೆ ಮತ್ತು ಹಠ

ಮನುಷ್ಯರ ಕಿವಿಗೆ ಕೇಳಿಸದಷ್ಟು ತಾರಕದ ಶಬ್ದವನ್ನು ನೀರಿಗೆ ಬಿಟ್ಟು, ಅದರ ಪ್ರತಿಧ್ವನಿಯಿಂದ ನಡುಗಡಲಿನಲ್ಲಿ ತೇಲುವ ಪ್ಲಾಂಕ್ಟನ್ ಎಂಬ ಸಣ್ಣ ಜೀವಿಗಳ ಇರವನ್ನು ಅರಿಯುವ ಶಾಸ್ತ್ರದಲ್ಲಿ, ಇಡೀ ನಾರ್ವೆಯಲ್ಲಿ ಗುನ್‌ವೋರ್ ತ್ವೈತ್ ಅವರಿಗೆ ಸಮಾನರು ವಿರಳ. ಹಠದಲ್ಲಂತೂ ಯಾರೂ ಇಲ್ಲ. ಅವರ ನಿವೃತ್ತಿಯ ಸಂದರ್ಭದಲ್ಲಿ ನಾಲ್ಕು ಒಳ್ಳೆಯ ಮಾತು ಬರೆಯಿರೆಂದು ಈ ಅಭಿನಂದನ ಸಂಪುಟದ ಸಂಪಾದಕರು ಕೇಳಿದ್ದಾರೆ, ಪ್ರಯತ್ನಿಸುತ್ತೇನೆ.

ಬರ್ಗನ್ನಿನ ನಮ್ಮ ಸಂಶೋಧನಾ ಸಂಸ್ಥೆಗೆ ಸೇರಿದ ಹೊಸತರಲ್ಲಿ, ಹಡಗಿನಲ್ಲಿ ಕಡಲಬೇನೆಯಿಂದ ಮಲಗಿದ್ದ ನನಗೆ ಒಣರೊಟ್ಟಿ ತಂದು ತಿನ್ನಿಸಿದವರು ಅವರು. ತಿಂದು ಮುಗಿಯುವ ಮೊದಲೇ ಬಲೆ ತೊಳೆಯಲು ಎಬ್ಬಿಸಿದವರೂ ಅವರೇ. ಪರದೆಯ ಮೇಲೆ ಪ್ರತಿಧ್ವನಿ ಎಷ್ಟೇ ದಟ್ಟವಾಗಿ ಮೂಡಲಿ, ಬಲೆ ಇಳಿಸಿ ಕಣ್ಣಾರೆ ಕಾಣದ ಹೊರತು ಅವರು ಒಂದು ಸಾಲನ್ನೂ ಬರೆಯಗೊಡುತ್ತಿರಲಿಲ್ಲ. ಬಲೆ ಮೇಲೆ ಬರುವುದನ್ನೇ ಕಾದು, ಹಡಗಿನಲ್ಲಿ ಶನಿವಾರಕ್ಕೊಮ್ಮೆ ಬಡಿಸುವ ಅಕ್ಕಿ ಗಂಜಿಯನ್ನು ತಣ್ಣಗಾದ ಮೇಲೇ ತಿಂದು ನನಗಂತೂ ಸಾಕಾಗಿಹೋಗಿತ್ತು.

ಒಂದು ವಸಂತದ ಯಾನವನ್ನು ಇಲ್ಲಿ ಹೇಳಲೇಬೇಕು. ಅವರ ಅಣ್ಣ ಓಡ್‌ಗೈರ್, ಅಕ್ಕಿನುಚ್ಚಿನಷ್ಟು ಸಣ್ಣ ಕೆಂಪು ಪ್ಲಾಂಕ್ಟನ್ನನ್ನು ಎಣ್ಣೆಗಾಗಿ ಹಿಡಿಯುವ ಪರವಾನಗಿಗೆ ಕಾಯುತ್ತಿದ್ದರು. ಅದು ಸಿಗದಿದ್ದರೆ ದೋಣಿ ಮಾರಬೇಕಿತ್ತು. ಸಿಗುವುದು ನಮ್ಮ ವರದಿಯ ಮೇಲೆ ನಿಂತಿತ್ತು. ಆ ದಿನ ಪರದೆ ಪ್ರತಿಧ್ವನಿಗಳಿಂದ ಅಂಚಿನಿಂದ ಅಂಚಿಗೆ ತುಂಬಿತ್ತು.

"ನಿಮ್ಮಣ್ಣ ಗೆದ್ದ ಬಿಡು," ಎಂದರು ಕಪ್ತಾನ ಆರ್ನ್‌ಫಿನ್. "ಈ ಅಲೇಲಿ ಬಲೆ ಗಿಲೆ ಅಂತ ಶುರು ಮಾಡ್ಬೇಡ ಮಾರಾಯ್ತಿ."

"ಪರದೆ ನೋಡೋದಾದ್ರೆ ಮನೇಲೇ ಟೀವಿ ಇತ್ತು. ಇಳಿಸು."

ಬಂದದ್ದು ಮೈಯೊಳಗೆ ಗಾಳಿಗುಳ್ಳೆಯಿರುವ ಲೋಳೆಜೀವಿಗಳು. ಆ ಗುಳ್ಳೆಗೆ ಶಬ್ದ ತಾಗಿದರೆ ಬೆರಳೆಣಿಕೆಯ ಜೀವಿಗಳೂ ಪರದೆಯಲ್ಲಿ ದೊಡ್ಡ ದಂಡಾಗಿ ಕಾಣುತ್ತವೆ. ಕೆಂಪು ಪ್ಲಾಂಕ್ಟನ್ ಒಂದು ಚಮಚೆಯಷ್ಟೂ ಇರಲಿಲ್ಲ. ಬೇರೆ ಕಡೆಗಳಲ್ಲಿ ಇಳಿಸಿದಾಗಲೂ ಅದೇ ಕಥೆ. ಗುನ್‌ವೋರ್ ಕಂಡದ್ದನ್ನು ಕಂಡಂತೆ ಬರೆದರು. ಓಡ್‌ಗೈರ್ ದೋಣಿ ಮಾರಿದರು. ಅಂದಿನಿಂದ ಅಣ್ಣ ತಂಗಿಯರ ನಡುವೆ ಮಾತಿಲ್ಲ.

ಈ ಸಂಪುಟಕ್ಕೆ ಅವರದೂ ಎರಡು ಮಾತಿರಲೆಂದು ಓಡ್‌ಗೈರ್ ಅವರ ಮನೆಗೆ ಹೋದೆ.

"ಅವ್ಳು ಸುಳ್ಳು ಬರ್ದಿದ್ರೆ ನನ್ನ ದೋಣಿ ಉಳೀತಿತ್ತು," ಎಂದರು. ನನ್ನ ಲೋಟಕ್ಕೆ ಕಾಫಿ ಬಗ್ಗಿಸಿ, "ಆದ್ರೆ ಸುಳ್ಳು ಬರ್ದವಳನ್ನ ತಂಗಿ ಅಂತ ಹೇಳ್ಕೊಳ್ಳೋಕೆ ನಂಗೇ ನಾಚಿಕೆ ಆಗ್ತಿತ್ತು," ಎಂದರು.

"ಇದನ್ನ ಅವ್ರಿಗೇ ಹೇಳ್ಬಾರ್ದಾ?"

"ಬೇಕಾದ್ರೆ ಅವ್ಳೇ ಫೋನ್ ಮಾಡ್ಲಿ."

ಬಂದು ಗುನ್‌ವೋರ್ ಅವರಿಗೆ ತಿಳಿಸಿದೆ. ಅವರು ಕಣ್ಣು ಒರೆಸಿಕೊಂಡರು. ಒರೆಸಿಕೊಂಡು, "ದೊಡ್ಡವನು ಅವನಲ್ವಾ? ಅವನೇ ಮಾಡ್ಲಿ," ಎಂದರು. ನಾನು ಹಣೆ ಚಚ್ಚಿಕೊಂಡೆ.

ಹಿರಿಯ ಸಹೋದ್ಯೋಗಿಗೆ ಆಯುರಾರೋಗ್ಯವನ್ನೂ ಇನ್ನಷ್ಟು ಸಂಶೋಧನೆಯನ್ನೂ ಮನಸಾರೆ ಹಾರೈಸುತ್ತೇನೆ. ಅವರ ಅಣ್ಣನಿಗೂ ದೀರ್ಘಾಯುಷ್ಯವಿರಲಿ. ಆದರೆ ದಯವಿಟ್ಟು ಆ ಆಯುಷ್ಯವನ್ನು ನಂಬಿಕೊಂಡು ಇಬ್ಬರೂ ಹೀಗೇ ಕಾಯುತ್ತಾ ಕೂರಬೇಡಿ.