ಹನ್ನೆರಡನೆಯ ಪುಸ್ತಕದೊಳಗೆ ನನ್ನ ಮೆಟ್ಟಿಲು

ನನ್ನ ಹೆಂಡತಿ ಪುಸ್ತಕ ಹೊಲಿಯುವವಳು. ಹರಿದ ಪುಸ್ತಕ ಬಿಚ್ಚಿ, ಹಾಳೆ ಜೋಡಿಸಿ, ದಾರ ಹಾಕಿ, ಹೊಸ ರಟ್ಟು ಕೂರಿಸುತ್ತಾಳೆ. ಅವಳಪ್ಪ ಅಚ್ಚುಕೂಟದಲ್ಲಿ ಬೈಂಡಿಂಗ್ ಮಾಡುತ್ತಿದ್ದವರು. ಮಗಳ ಕೈಗೆ ಬೊಂಬೆ ಕೊಡುವ ವಯಸ್ಸಿಗೆ ಸೂಜಿ ಕೊಟ್ಟರು. ಮದುವೆಯಾದ ಮೇಲೆ ಹನ್ನೊಂದು ವರ್ಷ ಚಪ್ಪಲಿ ಡಬ್ಬಿಯ ಕಾರ್ಖಾನೆಯಲ್ಲಿ ಅಂಟು ಹಚ್ಚಿದಳು. ಅಲ್ಲಿನ ಮೇಸ್ತ್ರಿ, ಹೆಂಗಸರು ನೀರು ಕುಡಿಯಲು ಎದ್ದರೂ ಗಡಿಯಾರ ನೋಡುವ ಆಸಾಮಿ. ಹೋದ ವರ್ಷ ಅದನ್ನು ಬಿಟ್ಟು ಮನೆಯಲ್ಲೇ ಬೈಂಡಿಂಗ್ ಶುರು ಮಾಡಿದಳು.

ಹೊಲಿಯುತ್ತ ಹೊಲಿಯುತ್ತ ಓದುವುದು ಅವಳ ಅಭ್ಯಾಸ. ಪೂರ್ತಿ ಓದಲು ಪುರುಸೊತ್ತಿಲ್ಲ, ಕಣ್ಣಿಗೆ ಬಿದ್ದಷ್ಟು. ಹಾಗಾಗಿ ಅವಳಿಗೆ ಎಲ್ಲ ವಿದ್ಯೆಯೂ ಅರ್ಧರ್ಧ ಗೊತ್ತು. ಹಾವು ಕಚ್ಚಿದರೆ ಮೊದಲು ಏನು ಮಾಡಬೇಕೆಂದು ಹೇಳುತ್ತಾಳೆ. ಆಮೇಲೆ ಏನು ಎಂದು ಕೇಳಿದರೆ, "ಅದು ಮುಂದಿನ ಪುಟದಲ್ಲಿತ್ತು" ಅನ್ನುತ್ತಾಳೆ.

ನಾನು ಕಲ್ಲು ಕೂರಿಸುವವನು. ಈಗಿನ ದೊಡ್ಡ ಮನೆಯವರಿಗೆ ಅಡುಗೆಮನೆಯ ನಟ್ಟನಡುವೆ ಒಂದು ಕಟ್ಟೆ ಬೇಕು. ಅದಕ್ಕೆ ಐಲ್ಯಾಂಡ್ ಎಂದು ಹೆಸರು. ಅಂಥ ಒಂದು ಮನೆಯಲ್ಲಿ, ಮೂಲೆ ಒಡೆದಿದೆಯೆಂದು ಕಪ್ಪು ಚಪ್ಪಡಿಯೊಂದನ್ನು ಬೇಡವೆಂದರು. ಅದನ್ನು ಹೊತ್ತು ತಂದು ಹೆಂಡತಿಯ ಕೆಲಸಕ್ಕೆಂದು ನಮ್ಮ ಅಡುಗೆಮನೆಯಲ್ಲಿ ಕೂರಿಸಿದೆ. ನಮ್ಮದು ಅಂಗೈಯಗಲದ ಅಡುಗೆಮನೆ. ಒಬ್ಬರು ಒಲೆಯ ಕಡೆ ಹೋಗಬೇಕಾದರೆ ಇನ್ನೊಬ್ಬರು ಹೊಟ್ಟೆ ಒಳಗೆಳೆದುಕೊಳ್ಳಬೇಕು. ಆದರೆ ಕಲ್ಲು ಮಾತ್ರ ಕನ್ನಡಿ. ಮೇಲೆ ಗೋಲಿ ಇಟ್ಟರೆ ಇಟ್ಟಲ್ಲೇ ನಿಲ್ಲುತ್ತದೆ.

ಗೋಲಿಯೊಂದೇ ನಿಂತಿದ್ದರೆ ಚೆನ್ನಾಗಿತ್ತು. ಸಪಾಟಾದ ಜಾಗ ಕಂಡರೆ ನಮ್ಮ ಮನೆಯವರ ಕೈ ತುರಿಸುತ್ತದೆ. ಅಮ್ಮನ ಮಾತ್ರೆ ಡಬ್ಬಿ, ಕನ್ನಡಕ, ಬ್ಯಾಟರಿ ಸತ್ತ ರೇಡಿಯೋ. ಮಗಳ ಬಾಚಣಿಗೆ, ಶಾಲೆಯ ಚೀಲ, ಅರ್ಧ ಕಚ್ಚಿದ ಸೇಬು. ದಿನಾ ಬೆಳಿಗ್ಗೆ ನಾನು ಕೂಗಾಡುತ್ತಿದ್ದೆ. ನನ್ನ ಕೂಗಿಗೆ ಪಕ್ಕದ ಮನೆಯವರು ಕಿಟಕಿ ಮುಚ್ಚಿದರೇ ಹೊರತು ಕಲ್ಲಿನ ಮೇಲಿನ ಒಂದು ಕಡ್ಡಿಯೂ ಕದಲಲಿಲ್ಲ.

ಹೆಂಡತಿ ಕೂಗಲಿಲ್ಲ. ಕಟ್ಟೆಯ ಕೆಳಗೆ ಒಂದು ಬುಟ್ಟಿ ಇಟ್ಟಳು. ಬೆಳಗಿನ ತಿಂಡಿ ಮುಗಿಯುವ ಹೊತ್ತಿಗೆ ಕಲ್ಲಿನ ಮೇಲೆ ಏನಿದ್ದರೂ ಬುಟ್ಟಿಗೆ.

"ನನ್ನ ಕನ್ನಡಕ ಎಲ್ಲೇ?" ಎಂದು ಅಮ್ಮ ಕೇಳಿದಳು.

"ಬುಟ್ಟೀಲಿದೆ ಅತ್ತೆ."

"ಕನ್ನಡಕ ಇಲ್ದೆ ಬುಟ್ಟಿ ಹೆಂಗೆ ಕಾಣುತ್ತೆ?"

"ತಡವಿ ನೋಡಿ. ಸೇಬಿನ ಪಕ್ಕ."

ಎಂಟು ದಿನದಲ್ಲಿ ಮನೆ ದಾರಿಗೆ ಬಂತು.

ಅಷ್ಟರಲ್ಲಿ ಊರಿನ ಗ್ರಂಥಾಲಯದಿಂದ ಹನ್ನೆರಡು ಹಳೇ ಪುಸ್ತಕ ಬಂದವು, ಪರೀಕ್ಷೆಗೆ. ಕೆಲಸ ಒಪ್ಪಿಗೆಯಾದರೆ ವರ್ಷವಿಡೀ ಪುಸ್ತಕ ಇವಳಿಗೇ. ಆಗದಿದ್ದರೆ ಎಲ್ಲವೂ ಮೆಷಿನ್ ಬೈಂಡಿಂಗ್ ಅಂಗಡಿಗೆ, ಇವಳು ಮತ್ತೆ ಡಬ್ಬಿ ಕಾರ್ಖಾನೆಗೆ. ತಿಂಗಳ ಕೊನೆಯವರೆಗೆ ಜಾಗ ಖಾಲಿ ಇಟ್ಟಿರುತ್ತೇನೆ ಎಂದು ಮೇಸ್ತ್ರಿ ಹೇಳಿಯೂ ಕಳಿಸಿದ್ದ. ಉಪಕಾರ ಮಾಡುವವನ ಹಾಗೆ.

ಪುಸ್ತಕ ಒಪ್ಪಿಸುವ ದಿನ ಬೆಳಿಗ್ಗೆ ನನ್ನದೊಂದು ಕಾಗದ ಕಾಣಲಿಲ್ಲ. ಒಬ್ಬರ ಮನೆಯ ಮೆಟ್ಟಿಲಿಗೆ ಕಲ್ಲು ಕತ್ತರಿಸಲು ಅಳತೆ ಬರೆದ ದೊಡ್ಡ ಹಾಳೆ. ಬುಟ್ಟಿ ಸುರುವಿ ನೋಡಿದೆ. ಇಲ್ಲ. ಪಿತ್ತ ನೆತ್ತಿಗೇರಿತು.

"ಈ ಮನೇಲಿ ಒಂದು ಕಾಗದಕ್ಕೆ ಗತಿ ಇಲ್ಲ. ಯಾರು ಎಸೆದ್ರಿ ಹೇಳಿ."

"ನಾನ್ಯಾಕಪ್ಪ ಎಸೀಲಿ, ನನಗೆ ಕನ್ನಡಕವೇ ಸಿಗಲ್ಲ," ಎಂದಳು ಅಮ್ಮ.

"ಎಲ್ಲಿ ಇಟ್ಟಿದ್ರಿ?" ಎಂದು ಹೆಂಡತಿ ಕೇಳಿದಳು.

"ಹೋದ ವಾರ ಇಲ್ಲೇ, ಕಲ್ಲಿನ ಮೇಲೆ. ಹಾರಿ ಹೋಗಬಾರದು ಅಂತ ನಾಲ್ಕು ಮಡಿಕೆ ಮಾಡಿ ನಿನ್ನ ಹಾಳೆ ಕಂತೆ ಮೇಲೆ ಇಟ್ಟು ಕಬ್ಬಿಣದ ತೂಕ ಹೇರಿದ್ದೆ."

ಅವಳು ಹನ್ನೆರಡು ಪುಸ್ತಕಗಳ ಕಡೆ ನೋಡಿದಳು. ನಾನೂ ನೋಡಿದೆ.

ಒಂದೊಂದೇ ತೆರೆದು ಹುಡುಕಿದೆವು. ಕೊನೆಯದರಲ್ಲಿತ್ತು, ಜೇನು ಸಾಕಣೆಯ ಪುಸ್ತಕ. ರಾಣಿ ಹುಳ ಗೂಡು ಬಿಟ್ಟು ಹೊರಟಿತು ಎಂಬಲ್ಲಿಗೆ ಪುಟ ಮುಗಿದು, ಮಗುಚಿದರೆ ನನ್ನ ಮೆಟ್ಟಿಲು. ಹಳೇ ಹಾಳೆಯಂಥದೇ ಬಣ್ಣ, ಅದೇ ಮಡಿಕೆ. ಕೈಯಂದಾಜಿನಲ್ಲಿ ಜೋಡಿಸುವವಳಿಗೆ ಗೊತ್ತಾಗಿಲ್ಲ. ಅಚ್ಚುಕಟ್ಟಾಗಿ ಹೊಲಿದು, ಅಂಚು ಕತ್ತರಿಸಿ ಎಂಟು ಪುಟ ಮಾಡಿದ್ದಳು. ಅಂಚಿನ ಜೊತೆ ನನ್ನ ಕೊನೆಯ ಎರಡು ಮೆಟ್ಟಿಲೂ ಹೋಗಿದ್ದವು.

"ಬ್ಲೇಡು ತಗೊಂಡು ಕುಯ್ದುಬಿಡು. ಯಾರಿಗೆ ಗೊತ್ತಾಗುತ್ತೆ."

"ಕುಯ್ದರೆ ಅಷ್ಟು ದಪ್ಪ ಕಮ್ಮಿಯಾಗಿ ಹೊಲಿಗೆ ಸಡಿಲ ಆಗುತ್ತೆ. ಇವತ್ತಲ್ಲ, ಎರಡು ವರ್ಷಕ್ಕೆ ಹಾಳೆ ಉದುರುತ್ತೆ. ಪೂರ್ತಿ ಬಿಚ್ಚಬೇಕು. ಅಂಟು ಒಣಗೋಕೆ ಎರಡು ದಿನ."

"ಇವತ್ತೇ ಕೊಡಬೇಕಲ್ಲೇ?"

"ಹನ್ನೊಂದು ಕೊಡ್ತೀನಿ. ಇದು ಯಾಕಿಲ್ಲ ಅಂತ ಹೇಳ್ತೀನಿ. ನೀವು ಹೊರೋಕೆ ಬನ್ನಿ, ಬಾಯಿ ತೆಗೀಬೇಡಿ."

ಗ್ರಂಥಾಲಯದ ಮೇಲ್ವಿಚಾರಕಿ ಸಣ್ಣ ದನಿಯ ಹೆಂಗಸು. ಅಂಥವರ ಮುಂದೆ ನನ್ನಂಥ ದೊಡ್ಡ ದನಿಯವನೂ ಪಿಸುಗುಡುತ್ತಾನೆ. ಹನ್ನೊಂದನ್ನೂ ತೆರೆದು, ಬೆನ್ನು ಒತ್ತಿ ನೋಡಿದರು. ಮುಖದಲ್ಲಿ ಏನೂ ಇಲ್ಲ. ಹೆಂಡತಿ ಹನ್ನೆರಡನೆಯದರ ವಿಷಯ ಇದ್ದದ್ದು ಇದ್ದ ಹಾಗೆ ಹೇಳಿದಳು.

"ಯಾರ ಕಾಗದ?"

"ನಮ್ಮ ಯಜಮಾನರದು."

ನನ್ನ ಕಡೆ ತಿರುಗಿದರು. "ಎಲ್ಲಿ ಇಟ್ಟಿದ್ರಿ ಅದನ್ನ?"

"ಅಡುಗೆಮನೆ ಕಟ್ಟೆ ಮೇಲೆ," ಎಂದೆ.

ಹೆಂಡತಿ ಕಣ್ಣು ಮುಚ್ಚಿಕೊಂಡಳು.

"ನಮ್ಮ ಪುಸ್ತಕ ಅಡುಗೆಮನೇಲಿ ಹೊಲೀತೀರಾ?"

"ಬೇಕಾದ್ರೆ ಬಂದು ನೋಡಿ," ಎಂದುಬಿಟ್ಟೆ. ನನ್ನ ಬಾಯಿಗೆ ಬೀಗ ಹಾಕಿದರೂ ಕೀಲಿ ನನ್ನ ಹತ್ತಿರವೇ ಇರುತ್ತದೆ.

ಮೂರನೆಯ ದಿನ ಮೇಲ್ವಿಚಾರಕಿ ಬಂದರು. ಆ ಬೆಳಿಗ್ಗೆ ಮಗಳು ಚೀಲ ಹಾಸಿಗೆಯ ಮೇಲೆ ಬಿಟ್ಟಿದ್ದಳು, ಅಮ್ಮ ಮಾತ್ರೆ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಕಲ್ಲಿನ ಮೇಲೆ ಜೇನಿನ ಪುಸ್ತಕ ಒಂದೇ. ಬಂದವರು ಬಿಳಿ ಕರವಸ್ತ್ರ ತೆಗೆದು ಕಲ್ಲಿನ ಉದ್ದಕ್ಕೂ ಎಳೆದರು. ಕರವಸ್ತ್ರ ಬೆಳ್ಳಗೇ ಇತ್ತು.

"ಒಗ್ಗರಣೆ ಸಿಡಿಯಲ್ವಾ?"

"ಹೊಲಿಗೆ ಇರೋ ದಿನ ಸಂಜೆವರೆಗೆ ಒಲೆ ಹಚ್ಚಲ್ಲ," ಎಂದಳು ಹೆಂಡತಿ.

"ತಣ್ಣಗಿನ ಅನ್ನ ತಿಂದೂ ತಿಂದೂ ಇವನ ತಲೆ ಬಿಸಿ ಆಗಿರೋದು," ಎಂದು ಅಮ್ಮ ನನ್ನನ್ನು ತೋರಿಸಿದಳು.

ಅವರು ನಗಲಿಲ್ಲ. ಪುಸ್ತಕ ಕೈಗೆತ್ತಿಕೊಳ್ಳಲೆಂದು ತಮ್ಮ ಚರ್ಮದ ಚೀಲವನ್ನು ಕಲ್ಲಿನ ಮೇಲೆ ಇಟ್ಟರು. ನಾವು ನಾಲ್ವರೂ ಚೀಲವನ್ನೇ ನೋಡಿದೆವು. ನನ್ನ ಹೆಂಡತಿಯ ಬೆವರು ಕಿವಿಯ ಪಕ್ಕದಲ್ಲಿ ಇಳಿಯಿತು. ಹೇಳಿದರೆ ಕೆಲಸ ಹೋದೀತು. ಹೇಳದಿದ್ದರೆ ಅವಳಿಗೆ ಉಸಿರು ನಿಂತೀತು.

"ಮೇಡಂ," ಎಂದಳು ಕೊನೆಗೆ, "ಚೀಲ ಕುರ್ಚಿ ಮೇಲೆ ಇಡ್ತೀರಾ? ಇಲ್ಲಿ ಏನೂ ಇಡಲ್ಲ ನಾವು."

ಆ ಹೆಂಗಸು ಚೀಲ ಎತ್ತಿಕೊಂಡರು. ಪುಸ್ತಕ ತೆರೆದು, ದಾರ ಎಳೆದು ನೋಡಿ, ಮುಚ್ಚಿದರು.

"ನಾಳೆ ಅರವತ್ತು ಕಳಿಸ್ತೀನಿ," ಎಂದರು.

ಅರವತ್ತು ಬಂದವು. ಮಂಚದ ಮೇಲೆ, ಬೆಂಚಿನ ಮೇಲೆ, ಅಮ್ಮನ ಕುರ್ಚಿಯ ಮೇಲೆ ಪೇರಿಸಿದೆವು. ಕಲ್ಲು ಮಾತ್ರ ಬರಿದು. ಸಂಜೆ ತಟ್ಟೆ ಕೈಯಲ್ಲಿ ಹಿಡಿದು, ಗೋಡೆಗೊರಗಿ ನಿಂತು ಉಂಡೆವು. ನಡುವೆ ಹೆಂಡತಿ, "ಕಾರ್ಖಾನೆಗೆ ನಾನಿನ್ನು ಬರಲ್ಲ ಅಂತ ಯಾರಾದ್ರೂ ಹೇಳಿಬರಬೇಕಿತ್ತು," ಎಂದಳು.

"ನಾನೇ ಹೋಗ್ತೀನಿ," ಎಂದೆ.

"ಮೇಸ್ತ್ರಿ ಹತ್ರ ಜಗಳ ಆಡಬೇಡಿ."

"ಇಲ್ಲ," ಎಂದೆ.

ಸ್ವಲ್ಪ ಆಡಿದೆ.