ಕಹಿ ಕುಡಿಸುವ ಕೈ

ಕುಸುಮ ಸಿಟಿ ಬಸ್ಸಿನ ಕಂಡಕ್ಟರ್. ಆಧಾರ್ ಕಾರ್ಡು ಮರೆತು ಬಂದು ಪುಕ್ಕಟೆ ಟಿಕೆಟ್ ಕೇಳುವ ಹೆಂಗಸರ ಜೊತೆ, ಮೆಟ್ಟಿಲಿನಲ್ಲಿ ನೇತಾಡುವ ಕಾಲೇಜು ಹುಡುಗರ ಜೊತೆ ದಿನವೆಲ್ಲ ಕೂಗಾಡಿ ಗಂಟಲು ಒರಟಾದವಳು. ಅಂಥವಳ ಬಾಯಿಗೆ ಬೀಗ ಬೀಳುತ್ತಿದ್ದುದು ಕುಂಬಾರಕೊಪ್ಪಲಿನ ತನ್ನ ಮನೆಯೊಳಗೆ, ಅತ್ತೆ ಚಾಮುಂಡೇಶ್ವರಿಯ ಎದುರಿಗೆ ಮಾತ್ರ.

ಅತ್ತೆಗೆ ತನ್ನ ತಮ್ಮನ ಮಗಳನ್ನು ಮನೆ ತುಂಬಿಸಿಕೊಳ್ಳಬೇಕೆಂದಿತ್ತು. ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಮಗ ಮಹೇಂದ್ರ ಅಲ್ಲೇ ಖಾಕಿ ತೊಟ್ಟವಳನ್ನು ಮೆಚ್ಚಿ ಕಟ್ಟಿಕೊಂಡ. ಅಂದಿನಿಂದ ಅತ್ತೆ ಸೊಸೆಯ ಹೆಸರು ಹಿಡಿದು ಕರೆದದ್ದೇ ಇಲ್ಲ. "ಕಂಡಕ್ಟರಮ್ಮ, ಊಟಕ್ಕೆ ಬಾ" ಎನ್ನುವಳು, ಅದೂ ಪಕ್ಕದ ಮನೆಗೆ ಕೇಳುವಂತೆ.

ಮಗಳು ಗಗನ ಹುಟ್ಟಿದ ಮೇಲೆ ಸ್ವಲ್ಪ ದಿನ ಜಗಳ ತಣ್ಣಗಿತ್ತು. ಐದು ತಿಂಗಳಿಗೇ ಕುಸುಮಳ ಎದೆಹಾಲು ಬತ್ತಿತು. ರಜೆ ಮುಗಿದು ಕೆಲಸಕ್ಕೆ ಹೋಗಲೇಬೇಕಾಯಿತು. ಮಗು ಅತ್ತೆಯ ಮಡಿಲಿಗೆ ಬಿತ್ತು. ಬಿಸಿನೀರು ಎರೆದು, ಸಾಂಬ್ರಾಣಿ ಹೊಗೆ ಹಾಕಿ, ಬಾಟಲಿ ಹಾಲು ಕುಡಿಸಿ, ರಾಗಿ ಸರಿ ತಿನ್ನಿಸಿ ಮಲಗಿಸುವುದೆಲ್ಲ ಅತ್ತೆಯೇ. ಕುಸುಮ ಸಂಜೆ ಮನೆಗೆ ಬಂದು ಕಾಲು ತೊಳೆದ ತಕ್ಷಣ ಅತ್ತೆ ಔಷಧಿ ಕುಡಿಸುವ ಮೂತಿಯ ಒಳಲೆಯನ್ನು ಅವಳ ಕೈಗೆ ಕೊಡುವಳು.

"ತಾಯಿ ಕೈಲೇ ಆಗ್ಬೇಕು ಇವೆಲ್ಲ. ನಂಗೆ ಕೈ ನಡುಗ್ತದೆ."

ರಕ್ತ ಕಡಿಮೆಯೆಂದು ಡಾಕ್ಟರು ಬರೆದುಕೊಟ್ಟ ಕಬ್ಬಿಣದ ಔಷಧಿ, ನೆಗಡಿಯ ಔಷಧಿ, ಮೂಗಿಗೆ ಹನಿ. ಕಾಲ ಮೇಲೆ ಅಡ್ಡ ಮಲಗಿಸಿಕೊಂಡು, ಕೈ ಅದುಮಿ ಹಿಡಿದು, ಒಳಲೆಯನ್ನು ತುಟಿಯೊಳಗೆ ತೂರಿಸಬೇಕು. ಉಗುರು ಕತ್ತರಿಸುವುದೂ, ಕಣ್ಣಿನ ಗೀಜು ಒರೆಸುವುದೂ ಅವಳದೇ ಪಾಲು. ತನ್ನ ತಾಯ್ತನಕ್ಕೆ ಅತ್ತೆ ಇಷ್ಟಾದರೂ ಮರ್ಯಾದೆ ಕೊಟ್ಟಳಲ್ಲ ಎಂದು ಕುಸುಮ ಮೊದಮೊದಲು ಖುಷಿಪಟ್ಟಳು.

ಒಂದು ಭಾನುವಾರ ಮಧ್ಯಾಹ್ನ ಅವಳು ಬರಿಗೈಯಲ್ಲಿ ತೊಟ್ಟಿಲ ಬಳಿ ಬಗ್ಗಿದಳು. ಔಷಧಿಯ ಹೊತ್ತಲ್ಲ, ಒಳಲೆ ಅಡುಗೆಮನೆಯ ಗೂಡಿನಲ್ಲಿತ್ತು. ಗಗನ ಅವಳ ಮುಖ ನೋಡಿತು. ನೋಡಿದ್ದೇ ತುಟಿ ಎರಡನ್ನೂ ಒಳಕ್ಕೆಳೆದು ಬಾಯಿ ಬಿಗಿಹಿಡಿದು, ಕತ್ತು ಆ ಕಡೆ ತಿರುಗಿಸಿ ಕಿರುಚಿಕೊಂಡಿತು. ಹಿಂದಿನಿಂದ ಅತ್ತೆ ಬಂದು ಎತ್ತಿಕೊಂಡಳು. ಅಳು ಕತ್ತರಿಸಿದಂತೆ ನಿಂತಿತು.

ಕುಸುಮ ಅತ್ತೆಗೆ ಅಡ್ಡ ನಿಂತಳು. "ಅತ್ತೆ, ಇವತ್ತಿಂದ ಔಷಧಿ ನೀವು ಕುಡ್ಸಿ. ರಾಗಿ ಸರಿ ನಾನು ತಿನ್ನಿಸ್ತೀನಿ."

"ಯಾಕಮ್ಮ?"

"ಯಾಕೆ ಅಂತ ನಿಮ್ಗೆ ಗೊತ್ತು."

ಚಾಮುಂಡೇಶ್ವರಿ ಮಗುವಿನ ಬೆನ್ನು ಸವರುತ್ತಾ ನಕ್ಕಳು. ಹಳ್ಳಿಯಲ್ಲಿ ಮೂವತ್ತು ವರ್ಷ ದನ ಕಟ್ಟಿದವಳು. ಮುಚ್ಚುಮರೆ ಅವಳ ಜಾಯಮಾನವಲ್ಲ. "ಗೊತ್ತು ಕಣಮ್ಮ. ಕರ ಯಾರಿಂದೆ ಓಯ್ತದೆ? ಬೆಲ್ಲ ಕೊಟ್ಟೋರಿಂದೆ. ಮೂಗುದಾರ ಆಕ್ದೋನ್ನ ಕಂಡ್ರೆ ಕಿತ್ಕೊಂಡು ಓಡೋಯ್ತದೆ. ಕೂಸೂ ಅಂಗೇಯ. ಮಹೇಂದ್ರ ಉಟ್ಟಾಗ ನಮ್ಮತ್ತೆ ನನ್ನ ಗದ್ದೆಗೆ ಕಳ್ಸಿ ಮಗೀನ ಮಡ್ಲಲ್ಲಿ ಇಟ್ಕೊಂಡ್ಲು. ಅವಳು ಸಾಯೋಗಂಟ ಅವನು ಅವಳನ್ನೇ ಅವ್ವ ಅಂದ. ನಾನೇನು ಸತ್ನಾ? ನೀನೂ ಸಾಯಕ್ಕಿಲ್ಲ."

ಗಂಡನ ಹತ್ತಿರ ಹೇಳಿಕೊಂಡರೆ ಅವನು ಮೊಬೈಲಿನಿಂದ ಕಣ್ಣು ತೆಗೆಯದೆ, "ಅವ್ವಂಗೂ ವಯಸ್ಸಾಯ್ತು, ಬುಡು ಕುಸುಮ" ಎಂದ.

ಕುಸುಮ ಬಿಡಲಿಲ್ಲ. ಒಂಬತ್ತು ತಿಂಗಳ ಸೂಜಿಗೆ ಅಂಗನವಾಡಿಗೆ ಹೋದಾಗ, ಹಿಂದಿನ ದಿನವೇ ಯೋಚಿಸಿಟ್ಟ ಹಾಗೆ, "ನಂಗೆ ಬೆನ್ನು ಹಿಡ್ಕೊಂಡಿದೆ, ಮಗೂನ ನೀವೇ ಹಿಡ್ಕೊಳಿ ಅತ್ತೆ" ಎಂದಳು. ಮುದುಕಿ ಅವಳನ್ನು ಒಂದು ಗಳಿಗೆ ದಿಟ್ಟಿಸಿದಳು. ಕೂತು, ಮಗುವಿನ ತೊಡೆ ಗಟ್ಟಿಯಾಗಿ ಹಿಡಿದುಕೊಟ್ಟಳು. ಸೂಜಿ ಚುಚ್ಚಿತು. ಗಗನ ಉಸಿರು ಕಟ್ಟಿ ಚೀರಿತು. ಈಗ ನನ್ನ ಕಡೆ ಬರುತ್ತದೆ ಎಂದು ಕುಸುಮ ಎರಡೂ ಕೈ ಚಾಚಿದಳು.

ಮಗು ಚುಚ್ಚಿಸಲು ಹಿಡಿದುಕೊಟ್ಟವಳ ಹೆಗಲಿಗೇ ಮುಖ ಒತ್ತಿತು. ಅವಳ ಸೆರಗನ್ನು ಬಾಯಲ್ಲಿ ಕಚ್ಚಿಕೊಂಡು ಬಿಕ್ಕಿತು. ಚಾಚಿದ ಕೈ ಕಂಡು ಇನ್ನಷ್ಟು ಒಳಗೆ ಹುದುಗಿತು.

"ಒಂದಿನ ಮೂಗುದಾರ ಆಕ್ಬುಟ್ರೆ ಏನೂ ಆಗಕ್ಕಿಲ್ಲ," ಎಂದಳು ಚಾಮುಂಡೇಶ್ವರಿ, ದಾರಿಯಲ್ಲಿ ಮುಂದೆ ಮುಂದೆ ನಡೆಯುತ್ತಾ. "ದಿನಾ ಮೇವು ಆಕ್ದೋರು ಯಾರು ಅನ್ನದು ಅದ್ಕೆ ಗೊತ್ತು."

ಆ ಮಾತು ಕುಸುಮಳಿಗೆ ಕಪಾಳಕ್ಕೆ ಹೊಡೆದಂತಿತ್ತು. ಆದರೆ ದಾರಿಯುದ್ದಕ್ಕೂ ಯೋಚಿಸಿದರೆ ಅದರಲ್ಲಿ ಸುಳ್ಳೇನೂ ಕಾಣಲಿಲ್ಲ. ತಾನು ಒಂದು ಸೂಜಿಯಲ್ಲಿ ಗೆಲ್ಲಲು ಹೊರಟಿದ್ದಳು. ಅತ್ತೆ ದಿನದಿನವೂ ಹಸಿದ ಹೊಟ್ಟೆಗೆ ಹಾಲು ಹಾಕಿ ಗೆದ್ದಿದ್ದಳು.

ಡಿಪೋದಲ್ಲಿ ಕಾಡಿ ಬೇಡಿ ಅವಳು ಮಧ್ಯಾಹ್ನ ಶುರುವಾಗುವ ಎರಡನೇ ಪಾಳಿ ಹಾಕಿಸಿಕೊಂಡಳು. ಬೆಳಗು ತನ್ನದಾಯಿತು ಎಂದುಕೊಂಡರೆ, ಅತ್ತೆ ಕತ್ತಲಿರುವಾಗಲೇ ಎದ್ದು ಮಗುವಿಗೆ ಹೊಟ್ಟೆ ಬಿರಿಯುವಷ್ಟು ತಿನ್ನಿಸಿ ಕೂರುತ್ತಿದ್ದಳು. ಕುಸುಮ ಬಟ್ಟಲು ಹಿಡಿದು ಬಂದರೆ ಮಗುವಿಗೆ ಹಸಿವೇ ಇಲ್ಲ. ಒಂದು ರಾತ್ರಿ ಅವಳು ರಾಗಿ ಹಿಟ್ಟಿನ ಡಬ್ಬ, ಹಾಲಿನ ಪುಡಿ, ಬಾಟಲಿ, ಕರೆಂಟು ಒಲೆ ಎಲ್ಲವನ್ನೂ ತನ್ನ ಕೋಣೆಗೆ ಸಾಗಿಸಿ, ಗಂಡನನ್ನು ನಡುಮನೆಗೆ ಕಳಿಸಿ, ಮಗುವಿನ ಜೊತೆ ಒಳಗೆ ಸೇರಿ ಚಿಲಕ ಹಾಕಿದಳು.

ಬೆಳಗ್ಗೆ ಬೀದಿಯೇ ಎದ್ದಿತು. ಹಸಿದ ಗಗನ ಚಮಚ ತಳ್ಳಿ, ಸರಿ ಉಗಿದು, ಬಾಗಿಲ ಕಡೆ ತೆವಳಿ ಅಳುತ್ತಿತ್ತು. ಹೊರಗಿನಿಂದ ಅತ್ತೆ ಬಾಗಿಲು ಗುದ್ದುತ್ತಿದ್ದಳು. "ಮಗೀನ ಸಾಯಿಸ್ತಾವ್ಳೆ, ಬನ್ರೋ!" ಎದುರುಮನೆಯ ಬಸಮ್ಮ ಓಡಿಬಂದು ಕಿಟಕಿಯಲ್ಲಿ ಇಣುಕಿದಳು. "ಕೊಟ್ಬುಡವ್ವ, ಅತ್ತೆ ಕೈಗೆ ಕೊಟ್ಬುಡು, ಪಾಪ!"

"ನಿಮ್ಮ ಮನೆ ನೋಡ್ಕೊಳ್ರಿ!" ಎಂದು ಬಸ್ಸಿನಲ್ಲಿ ಕಿರುಚುವ ದನಿಯಲ್ಲೇ ಕಿರುಚಿ ಕುಸುಮ ಕಿಟಕಿ ಮುಚ್ಚಿದಳು. ಸರಿಯನ್ನು ಮತ್ತೆ ಬೆಚ್ಚಗೆ ಮಾಡಿದಳು. ಅತ್ತು ಅತ್ತು ದಣಿದ ಮಗು ಕೊನೆಗೆ, ಕಣ್ಣು ಮುಚ್ಚಿಕೊಂಡೇ, ಒಂದು ಚಮಚ ನುಂಗಿತು. ಆಮೇಲೆ ಇನ್ನೊಂದು.

ಬಾಗಿಲು ತೆರೆದವಳು ಗೂಡಿನಿಂದ ಒಳಲೆಯನ್ನು ತಂದು ಗಂಡನ ಕೈಗೆ ತುರುಕಿದಳು. "ಇನ್ಮೇಲೆ ಇದು ನಿಮ್ದು."

"ಆಮೇಲೆ ನನ್ನ ಕಂಡ್ರೆ ಮಗು ಅಳುತ್ತೆ ಕಣೆ!"

"ಅಳ್ಲಿ. ನಿಮ್ಮನ್ನ ಕಂಡು ಒಂದಷ್ಟು ದಿನ ಅಳ್ಲಿ. ನಾನು ಅಳಿಸಿದ್ದು ಸಾಕು."

ಹೀಗೆ ಮಳೆಗಾಲ ಕಳೆಯಿತು. ಅತ್ತೆ ಸೊಸೆ ಒಂದೇ ಒಲೆಯ ಮೇಲೆ ಬೇರೆ ಬೇರೆ ಸಾರು ಕುದಿಸಿದರು. ಬೆಳಗಿನ ಸ್ನಾನ, ಸರಿ, ಮೊದಲ ನಿದ್ದೆ ಕುಸುಮಳದು. ಮಧ್ಯಾಹ್ನದಿಂದ ಮಗು ಅತ್ತೆಯದು. ಹಾಗೆಂದು ಯಾರೂ ಕೂತು ಒಪ್ಪಂದ ಮಾಡಿಕೊಳ್ಳಲಿಲ್ಲ. ಇಬ್ಬರಿಗೂ ಗುದ್ದಾಡಿ ಸಾಕಾಗಿತ್ತು, ಅಷ್ಟೇ. ನಿಧಾನವಾಗಿ ಗಗನ ಅವಳ ಕಾಲ ಮೇಲೆ ಮೈ ಸಡಿಲ ಬಿಟ್ಟು ಮಲಗತೊಡಗಿತು. ಒಂದು ಬೆಳಿಗ್ಗೆ ಕುಸುಮ ಪಾತ್ರೆಯಲ್ಲಿ ಸರಿ ತಿರುವುತ್ತಿದ್ದಾಗ, ಸೌಟಿನ ಸದ್ದಿಗೇ ತೊಟ್ಟಿಲಲ್ಲಿ ಕಾಲು ಬಡಿಯುವುದು ಕೇಳಿಸಿತು. ತಿರುಗಿ ನೋಡಿದರೆ ಮಗು ಅವಳನ್ನೇ ನೋಡಿ ನಗುತ್ತಿತ್ತು. ಕುಸುಮ ಸೌಟು ಬಿಟ್ಟು ಮೊದಲು ಹೊಸಿಲ ಕಡೆ ನೋಡಿದಳು. ಅತ್ತೆ ಅಲ್ಲೇ ನಿಂತಿದ್ದಳು. ನೋಡಿದ್ದಳು. ಬಿಂದಿಗೆ ಎತ್ತಿಕೊಂಡು ಹೊರಗೆ ಹೋದಳು.

ಈಗ ಗಗನಳಿಗೆ ವರ್ಷ ದಾಟಿದೆ. ಇಬ್ಬರ ಹತ್ತಿರವೂ ಹೋಗುತ್ತದೆ. ಅವರಿಬ್ಬರ ನಡುವೆ ಮಾತಿಲ್ಲ. ಹೇಳಬೇಕಾದದ್ದನ್ನು ಮಹೇಂದ್ರನ ಕಡೆ ತಿರುಗಿ ಹೇಳುತ್ತಾರೆ. ಮಧ್ಯಾಹ್ನ ಕುಸುಮ ಖಾಕಿ ತೊಟ್ಟು, ಕಾಲಿಗೆ ಸುತ್ತಿಕೊಂಡ ಮಗುವನ್ನು ಬಿಡಿಸಿ ಅತ್ತೆಯ ಕಡೆ ನೀಡಿದರೆ ಗಗನ ಗೇಟು ಹಿಡಿದು "ಅಮ್ಮಾ" ಎಂದು ರಚ್ಚೆ ಹಿಡಿಯುತ್ತದೆ. ಅತ್ತೆ ರಟ್ಟೆ ಹಿಡಿದು ಎತ್ತಿಕೊಳ್ಳುತ್ತಾಳೆ. "ಓಗೋರ್ನ ಕರೀಬ್ಯಾಡ, ಬಾ ಒಳಕ್ಕೆ."

ಆ ಅಳು ಕೇಳಿ ಕುಸುಮಳ ಕರುಳು ಚುರುಕ್ಕೆನ್ನುತ್ತದೆ. ಬಸ್ಸಿಗೆ ಹೊತ್ತಾಗಿರುತ್ತದೆ. ಆದರೂ ಬೀದಿಯ ತಿರುವಿನವರೆಗೆ ಅವಳು ನಿಧಾನವಾಗಿಯೇ ನಡೆಯುತ್ತಾಳೆ. ಅತ್ತೆ ಇನ್ನಷ್ಟು ಹೊತ್ತು ಕೇಳಿಸಿಕೊಳ್ಳಲಿ ಎಂದು.