ಆಯುಧಪೂಜೆಯಲ್ಲಿ ಅಳಿಸಿದ ಬಾಣಗಳು

ಶಿರಾ ಗೇಟಿನ ಬೋರ್ಡ್ ಅಂಗಡಿಯಲ್ಲಿ ‘ಡಾ. ರೇಣುಕಾಪ್ರಸಾದ್’ ಎಂಬ ಹಿತ್ತಾಳೆ ಫಲಕ ಆಗಲೇ ಸಿದ್ಧವಾಗಿತ್ತು. ಡಾಕ್ಟರೇಟ್ ಮಾತ್ರ ಇನ್ನೂ ಬಂದಿರಲಿಲ್ಲ. ಮೌಖಿಕ ಪರೀಕ್ಷೆ ಮುಂದಿನ ವಾರವಿತ್ತು.

ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದಿಂದ ಬಂದು, ತುಮಕೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತ ತಲೆ ನರೆಸಿಕೊಂಡಿದ್ದ ರೇಣುಕಾಪ್ರಸಾದರ ಸಂಶೋಧನೆ ಅಲ್ಯೂಮಿನಿಯಂ ತಗಡಿನದು. ರೋಲರಿನಲ್ಲಿ ಲಟ್ಟಿಸಿದ ತಗಡು ನೋಡಲು ಎಲ್ಲ ಕಡೆಗೂ ಒಂದೇ, ಗುಣದಲ್ಲಿ ಅಲ್ಲ. ಲಟ್ಟಿಸಿದ ಉದ್ದಕ್ಕೆ ಎಳೆದರೆ ಒಂದು ಥರ ಹಿಗ್ಗುತ್ತದೆ, ಅಡ್ಡಕ್ಕೆ ಎಳೆದರೆ ಇನ್ನೊಂದು ಥರ. ಹೆಚ್ಚು ಹಿಗ್ಗಿದ್ದು ಮತ್ತೆ ಮೊದಲಿನಂತಾಗದು. ಒಳಗೆ ಕಣ್ಣಿಗೆ ಕಾಣದ ತೂತುಗಳು ಹುಟ್ಟಿ, ಒಂದಕ್ಕೊಂದು ಸೇರಿ, ಕೊನೆಗೆ ಬಿರುಕು. ಆ ಬಿರುಕು ಎಲ್ಲಿ, ಯಾವಾಗ ಎಂದು ಕಂಪ್ಯೂಟರಿನಲ್ಲಿ ಮೊದಲೇ ಹೇಳುವ ಲೆಕ್ಕ ಅವರದು. ಮದುವೆ ಊಟದ ಪಂಕ್ತಿಯಲ್ಲೂ ಹಪ್ಪಳ ಎತ್ತಿ ಹಿಡಿದು ವಿವರಿಸುತ್ತಿದ್ದರು. ಪಕ್ಕದವರು ಎಲೆ ಬಿಟ್ಟು ಏಳುವಂತಿರಲಿಲ್ಲ.

ತಗಡು ಒತ್ತಿ ಮಡಿಸುವ ಪ್ರೆಸ್ ಷಾಪ್ ಇಟ್ಟಿದ್ದ ಅಫ್ತಾಬ್ ಮಾತ್ರ ನಿಜವಾಗಿ ಕೇಳಿಸಿಕೊಂಡ. ಕುಣಿಗಲ್ಲಿನ ಶಾಲಾ ವ್ಯಾನುಗಳ ಸೀಟಿನ ಕಾಲನ್ನು ನೆಲಕ್ಕೆ ಹಿಡಿಯುವ ಬ್ರಾಕೆಟ್ ಮಾಡಿಕೊಡುವ ಕೆಲಸ ಬಂದಾಗ, ತಗಡನ್ನು ಯಾವ ದಿಕ್ಕಿಗೆ ಮಡಿಸಬೇಕೆಂದು ಇವರನ್ನೇ ಕೇಳಿ ಹಾಗೇ ಮಡಿಸಿದ.

ಒಂದು ದಿನ ಅವನು ಕಾಲೇಜಿಗೇ ಬಂದು ಬ್ರಾಕೆಟ್ ಒಂದನ್ನು ಮೇಜಿನ ಮೇಲಿಟ್ಟ. ಮಡಿಕೆಯ ಮೇಲೆ ಕೂದಲೆಳೆಯಂಥ ಸೀಳು.

“ಉಳಿದಿದ್ದ ಪೀಸ್ ಸಾರ್. ಸುಮ್ನೆ ಲೋಡ್ ಹಾಕಿ ನೋಡ್ದೆ, ಹಿಂಗಾಯ್ತು.”

“ನಿಮ್ಮ ಪ್ರೆಸ್ಸಿನ ಡೈ ಅಚ್ಚು ಸವೆದಿರ್ಬೇಕು ಅಫ್ತಾಬ್.”

“ಹೊಸಾದು ಸಾರ್.”

“ತಗಡೇ ಕಲಬೆರಕೆ ಇರ್ಬೇಕು.”

“ನೀವು ಟೆಸ್ಟ್ ಮಾಡಿದ ಲಾಟೇ ಅದು.”

“ಹಂಗಾದ್ರೆ ಪ್ರೆಸ್ ಹೊಡೆಯೋನು—”

“ಹೊಡೆಯೋನು ನಾನೇ. ಬೈರಿ, ಬೇಜಾರಿಲ್ಲ. ವ್ಯಾನಲ್ಲಿ ಮಕ್ಳು ಕೂತವ್ರೆ, ಅದುಕ್ಕೇನ್ ಮಾಡಾಣ ಹೇಳಿ.”

ಬೈಯಲು ಇನ್ಯಾರೂ ಉಳಿಯದಾಗ ರೇಣುಕಾಪ್ರಸಾದರಿಗೆ ಆಯುಧಪೂಜೆ ನೆನಪಾಯಿತು.

ಅಂದು ಆಡಳಿತ ಮಂಡಳಿಯ ಅಧ್ಯಕ್ಷರು ಲ್ಯಾಬಿಗೆ ಬರುವವರಿದ್ದರು. ಬಾಳೆಕಂದು, ಬೂದುಗುಂಬಳ ಎಲ್ಲ ಸಿದ್ಧ. ಯಂತ್ರಗಳ ಜೊತೆ ತಮ್ಮ ತಗಡಿನ ಪಟ್ಟಿಗಳೂ ಪೂಜೆಗೆ ಕೂರಲಿ ಎಂದು ಇವರಿಗೆ ಆಸೆ. ಆದರೆ ಲಟ್ಟಿಸಿದ ದಿಕ್ಕು ತೋರಿಸಲು ಅವುಗಳ ಮೇಲೆ ಮಾರ್ಕರಿನಲ್ಲಿ ಬರೆದ ಬಾಣಗಳು ಗಲೀಜಾಗಿ ಕಂಡವು. ತಾವೇ ಥಿನ್ನರ್ ಹಾಕಿ ಒರೆಸಿ, ಫಳಫಳ ಮಾಡಿ, ವಿಭೂತಿ ಎಳೆದು ಕೂರಿಸಿದರು. ಪೂಜೆ ಮುಗಿದ ಮೇಲೆ ನೆನಪಿನಿಂದಲೇ ಬಾಣಗಳನ್ನು ಮತ್ತೆ ಬರೆದರು. ತಗಡಿನ ಜೊತೆ ಅಷ್ಟು ವರ್ಷ ಬಾಳಿದವರಿಗೆ ಅಷ್ಟೂ ಗೊತ್ತಾಗುವುದಿಲ್ಲವೇ? ಆಮೇಲಿನ ಲೆಕ್ಕವೆಲ್ಲ, ಅಫ್ತಾಬನಿಗೆ ಹೇಳಿದ ದಿಕ್ಕೂ ಸೇರಿ, ಆ ಬಾಣಗಳನ್ನೇ ನಂಬಿತ್ತು.

ಈಗ ಬೀರುವಿನಿಂದ ಪಟ್ಟಿಯೊಂದನ್ನು ತೆಗೆದು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರು. ರೋಲರ್ ಬಿಟ್ಟುಹೋದ ನವಿರು ಗೆರೆಗಳು ಕಂಡವು. ಇವರ ಬಾಣ ಅವುಗಳಿಗೆ ಅಡ್ಡಡ್ಡ ಮಲಗಿತ್ತು. ಅಂದೂ ಹೀಗೇ ಹಿಡಿದು ನೋಡಬಹುದಿತ್ತು. ಆದರೆ ನೋಡಬೇಕಾದರೆ ಮೊದಲು ತಮ್ಮ ಮೇಲೆ ತಮಗೆ ಅನುಮಾನ ಬರಬೇಕು. ಆ ಅಭ್ಯಾಸ ಅವರಿಗಿರಲಿಲ್ಲ.

“ಮುಂದಿನ ವಾರದ ಪರೀಕ್ಷೆ ಮುಗಿಸ್ಕೊಂಡು ಹೇಳಿದ್ರೆ...” ಎಂದರು, ಅರ್ಧ ತಮಗೇ.

“ಅಲ್ಲೀಗಂಟ ವ್ಯಾನ್ ನಿಲ್ತದಾ ಸಾರ್?”

ಹೊರಡುವ ಮುನ್ನ ಪಿಎಚ್.ಡಿ. ಗೈಡಿಗೆ ಫೋನ್ ಮಾಡಿ ಹೇಳಿದರು. ಅತ್ತಲಿಂದ ಬಂದದ್ದು “ಹಂಗಾದ್ರೆ ಮತ್ತೆ ಮೊದಲಿಂದ” ಎಂಬ ಮಾತು. ಕುಣಿಗಲ್ಲಿನವರೆಗೂ ಅಫ್ತಾಬನ ಬೈಕಿನ ಹಿಂದೆ ಕೂತು, ಹಂಪ್ ಬಂದಾಗಲೆಲ್ಲ ಕಣ್ಣು ಮುಚ್ಚಿದರು. ಹಂಪಿನಲ್ಲಿ ಬ್ರಾಕೆಟ್ ಎಷ್ಟು ಬಾಗುತ್ತದೆಂದು ಅವರಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

ಶಾಲೆಯ ಮುಂದೆ ವ್ಯಾನುಗಳ ಮಾಲೀಕ ಚನ್ನವೀರಯ್ಯ ಮಕ್ಕಳನ್ನು ಹತ್ತಿಸುತ್ತಿದ್ದರು. ರೇಣುಕಾಪ್ರಸಾದರು ಇಸ್ತ್ರಿ ಪ್ಯಾಂಟಿನಲ್ಲೇ ಒಳಗೆ ಮಂಡಿಯೂರಿ, ಮೊಬೈಲ್ ಬೆಳಕಿನಲ್ಲಿ ಸೀಟುಗಳ ಅಡಿ ನೋಡುತ್ತ ಹೋದರು. ಕೊನೆಯ ಸಾಲಿನಲ್ಲಿ ಸಿಕ್ಕಿತು. ಉಗುರು ಹೋಗುವಷ್ಟು ಸೀಳು. ಮೇಲೆ ಪುಟ್ಟ ಹುಡುಗಿಯೊಬ್ಬಳು ಕಾಲು ಆಡಿಸುತ್ತ ಚಿಪ್ಸ್ ತಿನ್ನುತ್ತಿದ್ದಳು.

“ಮಕ್ಳನ್ನ ಇಳಿಸಿ,” ಎಂದರು.

“ಯಾಕ್ರೀ? ಹೇಳಕ್ಕೆ ನೀವ್ಯಾರು ಸ್ವಾಮಿ?” ಎಂದರು ಚನ್ನವೀರಯ್ಯ.

ಆ ಪ್ರಶ್ನೆಗೆ ಹಿತ್ತಾಳೆಯಲ್ಲಿ ಕೆತ್ತಿಸಿದ ಉತ್ತರವಿತ್ತು. ಬಾಯಿಗೆ ಬರಲಿಲ್ಲ.

“ಇದನ್ನ ಹಿಂಗೆ ಮಡಿಸಿ ಅಂದೋನು ನಾನೇ. ತಪ್ಪು ಹೇಳ್ಬಿಟ್ಟಿದ್ದೆ. ಮೊದ್ಲು ಇಳಿಸಿ, ಮಿಕ್ಕಿದ ವ್ಯಾನ್‌ಗಳಿಗೂ ಫೋನ್ ಮಾಡಿ.”

ಚನ್ನವೀರಯ್ಯ ಬೈಯುತ್ತಲೇ ಒಬ್ಬೊಬ್ಬ ಡ್ರೈವರಿಗೂ ಫೋನ್ ಹಚ್ಚಿದರು. ಎಲ್ಲರೂ ಎತ್ತಿದರು, ಒಬ್ಬನನ್ನು ಬಿಟ್ಟು. ರೇಣುಕಾಪ್ರಸಾದರು ಮಂಡಿಯ ಧೂಳನ್ನೂ ಕೊಡವದೆ ರಸ್ತೆಯ ಅಂಚಿಗೆ ಬಂದು, ದೂರದಲ್ಲಿ ಶಾಲಾ ವ್ಯಾನಿನ ಹಳದಿ ಬಣ್ಣ ಕಂಡಾಗಲೆಲ್ಲ ಕೈ ಅಡ್ಡ ಹಿಡಿಯುತ್ತ ನಿಂತರು.